ಅಲ್ಲಾಡುವ ಇಂಪ್ಲಾಂಟ್: ತೆಗೆಸಿದ ಮೇಲೆ ಮುಂದೇನು?

ಹಲ್ಲಿನ ಆರೋಗ್ಯ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮೇಡಂ, ನಾನು ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ವಯಸ್ಸು 63. ಎಡಗಡೆ ಕೆಳಗಿನ ದವಡೆ ಹಲ್ಲು ಹೋಗಿತ್ತು. ಹೋದ ವರ್ಷ ಅಲ್ಲಿಗೆ ಇಂಪ್ಲಾಂಟ್, ಅಂದರೆ ಮೂಳೆಗೆ ತಿರುಪು ಇಳಿಸಿ ಕೂರಿಸುವ ಹಲ್ಲು, ಹಾಕಿಸಿದೆ. ಕ್ಯಾಪ್ ಕೂರಿಸಿ ಎಂಟು ತಿಂಗಳಾಯಿತು. ಮೊದಲು ಚೆನ್ನಾಗಿಯೇ ಇತ್ತು. ಈಗ ಎರಡು ತಿಂಗಳಿಂದ ಅಗಿಯುವಾಗ ಅಲ್ಲಾಡುತ್ತದೆ. ವಸಡು ಊದುತ್ತದೆ, ಒತ್ತಿದರೆ ಕೀವು ಬರುತ್ತದೆ. ನೋವು ಅಷ್ಟೇನಿಲ್ಲ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದೆ. ಕಡಿಮೆಯಾಗಿ ಮತ್ತೆ ಬಂತು. ಹಾಕಿದ ಡಾಕ್ಟ್ರು, ‘ತೆಗೆದು ಅವತ್ತೇ ಇನ್ನೊಂದು ಹಾಕಿಬಿಡೋಣ, ಇಂಪ್ಲಾಂಟ್‌ಗೆ ದುಡ್ಡು ಬೇಡ’ ಅನ್ನುತ್ತಾರೆ. ಇನ್ನೊಬ್ಬರು, ‘ನಿಮಗೆ ಶುಗರ್ ಇದೆ, ಇಂಪ್ಲಾಂಟ್ ಸಹವಾಸವೇ ಬೇಡ, ಅಕ್ಕಪಕ್ಕದ ಹಲ್ಲು ತೇಯ್ದು, ಅವುಗಳ ಆಸರೆಯಲ್ಲಿ ನಡುವೆ ಹಲ್ಲು ನಿಲ್ಲಿಸುವ ಬ್ರಿಡ್ಜ್ ಮಾಡೋಣ’ ಅನ್ನುತ್ತಾರೆ. ಮಗ ಬೆಂಗಳೂರಿಗೆ ಬನ್ನಿ ಅಂತಾನೆ. ಕೊಬ್ಬರಿ ಕಡಿದೇ ಹೀಗಾಯಿತು ಅಂತ ಮನೆಯಾಕೆ ದಿನಾ ಬೈಯುತ್ತಾಳೆ. ಶುಗರ್ ಮಾತ್ರೆ 11 ವರ್ಷದಿಂದ ನಡೆಯುತ್ತಿದೆ. ಬೀಡಿ ಸಿಗರೇಟ್ ಇಲ್ಲ. ಊಟದ ಮೇಲೆ ಎಲೆಅಡಿಕೆ ಉಂಟು. ಯಾರ ಮಾತು ಕೇಳಲಿ?

*ಓದುಗರು, ಅರಸೀಕೆರೆ*

ಉತ್ತರ: ಮೇಷ್ಟ್ರೇ, ಮೊದಲು ಕೊಬ್ಬರಿ ವಿಷಯ ಮುಗಿಸೋಣ. ಮೂಳೆಗೆ ಸರಿಯಾಗಿ ಬೆಸೆದುಕೊಂಡ ಇಂಪ್ಲಾಂಟ್ ಒಂದು ಚೂರು ಕೊಬ್ಬರಿಗೆ ಸಡಿಲವಾಗುವುದಿಲ್ಲ. ಗಟ್ಟಿ ಪದಾರ್ಥ ಕಡಿದರೆ ಕ್ಯಾಪಿನ ಪಿಂಗಾಣಿ ಚೂರು ಹಾರಬಹುದು, ಒಳಗಿನ ಸ್ಕ್ರೂ ಲೂಸ್ ಆಗಬಹುದು. ಕೀವು ಬರುತ್ತಿದೆ ಅಂದರೆ ಕಾರಣ ಬೇರೆ ಕಡೆಯೂ ಹುಡುಕಬೇಕು. ಇದನ್ನು ಮನೆಯವರಿಗೂ ಓದಿ ಹೇಳಿ.

ಇಬ್ಬರು ಡಾಕ್ಟ್ರು ಎರಡು ದಾರಿ ತೋರಿಸಿದ್ದಾರೆ. ಆದರೆ ನಿಮ್ಮ ಪತ್ರದಲ್ಲಿ ನಾನು ಹುಡುಕಿದ ಒಂದು ಮಾತು ಸಿಗಲಿಲ್ಲ. ಈ ಇಂಪ್ಲಾಂಟ್ ಯಾಕೆ ಕೈಕೊಟ್ಟಿತು? ಅದನ್ನು ಯಾರೂ ಹೇಳಿಲ್ಲ. ಅದು ಗೊತ್ತಾಗದೆ ಎರಡನೇ ಇಂಪ್ಲಾಂಟ್‌ಗೆ ಒಪ್ಪಬೇಡಿ. ಬ್ರಿಡ್ಜ್‌ಗೂ ಒಪ್ಪಬೇಡಿ.

ಅದಕ್ಕೂ ಮುಂಚೆ ಇನ್ನೊಂದು ವಿಷಯ. ಅಲ್ಲಾಡುತ್ತಿರುವುದು ಇಂಪ್ಲಾಂಟೇನಾ? ಇಂಪ್ಲಾಂಟ್ ಹಲ್ಲಿನಲ್ಲಿ ಮೂರು ಭಾಗ. ಮೂಳೆಯೊಳಗೆ ಇರುವ ಟೈಟಾನಿಯಂ ತಿರುಪು, ಅದರ ಮೇಲೆ ಕೂರುವ ಅಬಟ್‌ಮೆಂಟ್ ಅನ್ನುವ ಚಿಕ್ಕ ಕಂಬ, ಅದರ ಮೇಲೆ ಕ್ಯಾಪ್. ಕಂಬವನ್ನು ತಿರುಪಿಗೆ ಹಿಡಿದಿಡುವುದು ಒಂದು ಸಣ್ಣ ಸ್ಕ್ರೂ. ಅದೊಂದು ಸಡಿಲವಾದರೂ ಬಾಯಲ್ಲಿ ಇಡೀ ಹಲ್ಲು ಅಲ್ಲಾಡಿದ ಹಾಗೇ ಅನಿಸುತ್ತದೆ. ಆ ಸಂದಿಯಲ್ಲಿ ಕೊಳೆ ಸೇರಿ ವಸಡೂ ಊದುತ್ತದೆ, ಕೀವೂ ಬರಬಹುದು. ಹೊರಗಿನಿಂದ ನೋಡಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಕ್ಯಾಪ್ ಬಿಚ್ಚಲೇಬೇಕು. ಸಿಮೆಂಟಿನಿಂದ ಅಂಟಿಸಿದ ಕ್ಯಾಪ್ ಆದರೆ ಮೇಲೆ ಒಂದು ಚಿಕ್ಕ ತೂತು ಕೊರೆದು ಸ್ಕ್ರೂ ಬಿಚ್ಚುತ್ತಾರೆ. ಆಮೇಲೆ ಒಳಗಿನ ತಿರುಪನ್ನು ಮಾತ್ರ ಅಲ್ಲಾಡಿಸಿ ನೋಡುತ್ತಾರೆ. ಅದು ಗಟ್ಟಿಯಾಗಿ ನಿಂತಿದ್ದರೆ ನಿಮ್ಮ ಅದೃಷ್ಟ. ಹೊಸ ಸ್ಕ್ರೂ ಹಾಕಿ, ಅಳತೆಯ ಬಿಗಿ ಕೊಡುವ ಟಾರ್ಕ್ ರೆಂಚ್‌ನಲ್ಲಿ ಬಿಗಿದು, ವಸಡು ಸ್ವಚ್ಛ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ತಿರುಪೇ ಅಲ್ಲಾಡಿದರೆ ಮಾತ್ರ ಅದನ್ನು ಉಳಿಸಲು ಆಗುವುದಿಲ್ಲ. ಒಮ್ಮೆ ಮೂಳೆಯಿಂದ ಬಿಟ್ಟುಕೊಂಡ ಇಂಪ್ಲಾಂಟ್ ಔಷಧಿಗೆ, ಲೇಸರ್‌ಗೆ ಮತ್ತೆ ಕೂಡಿಕೊಳ್ಳುವುದಿಲ್ಲ. ‘ಸ್ವಲ್ಪ ದಿನ ನೋಡೋಣ’ ಅಂದಷ್ಟೂ ಸುತ್ತಲಿನ ಮೂಳೆ ಕರಗುತ್ತಾ ಹೋಗುತ್ತದೆ.

ನೋವಿಲ್ಲ ಅಂತ ಸಮಾಧಾನ ಪಡಬೇಡಿ. ನಮ್ಮ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರ ಇರುತ್ತದೆ. ಒತ್ತಡ, ನೋವು ನಮಗೆ ತಿಳಿಯುವುದು ಅದರಿಂದ. ಇಂಪ್ಲಾಂಟ್ ಸುತ್ತ ಆ ಪದರ ಇಲ್ಲ. ಹಾಗಾಗಿ ಸೋಂಕು ಸದ್ದಿಲ್ಲದೆ ಕೆಳಗಿಳಿಯುತ್ತದೆ. ಅಂಗಡಿಯಿಂದ ತಂದ ಆಂಟಿಬಯೋಟಿಕ್‌ನಿಂದ ಊತ ಇಳಿದಿರಬಹುದು. ಹೋದ ಮೂಳೆ ಬರುವುದಿಲ್ಲ. ಇನ್ನು ಮೇಲೆ ನೀವಾಗಿಯೇ ಮಾತ್ರೆ ತೆಗೆದುಕೊಳ್ಳಬೇಡಿ.

ಈಗ ಯಾಕೆ ಅನ್ನುವ ಪ್ರಶ್ನೆ. ಹಾಕಿದ ಮೊದಲ ಮೂರು ನಾಲ್ಕು ತಿಂಗಳಲ್ಲೇ ಇಂಪ್ಲಾಂಟ್ ಹೋದರೆ ಅದು ಮೂಳೆಗೆ ಬೆಸೆಯಲೇ ಇಲ್ಲ ಎಂದು ಅರ್ಥ. ಕೊರೆಯುವಾಗ ಮೂಳೆ ಬಿಸಿಯಾಗಿರಬಹುದು. ಮೂಳೆ 47 ಡಿಗ್ರಿ ಬಿಸಿಯಲ್ಲಿ ಒಂದು ನಿಮಿಷ ಇದ್ದರೂ ಅದಕ್ಕೆ ಪೆಟ್ಟು ಎಂದು 1980ರ ದಶಕದಲ್ಲೇ ಸ್ವೀಡನ್ನಿನಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಅದಕ್ಕೇ ಕೊರೆಯುವಾಗ ಒಂದೇ ಸಮ ಸಲೈನ್ ನೀರು ಬಿಡುತ್ತಾರೆ. ಸೋಂಕು, ಮೆತ್ತಗಿನ ಮೂಳೆ, ಬೇಗ ಭಾರ ಬಿದ್ದದ್ದು, ಧೂಮಪಾನ, ಹದ್ದುಮೀರಿದ ಶುಗರ್ ಕೂಡ ಕಾರಣ ಆಗಬಹುದು. ನಿಮ್ಮದು ಕ್ಯಾಪ್ ಕೂತು ಆರು ತಿಂಗಳು ನಡೆದ ಮೇಲೆ ಕೆಟ್ಟದ್ದು. ಇಂಥದ್ದರಲ್ಲಿ ನಾನು ಮೊದಲು ಅನುಮಾನ ಪಡುವುದು ಕ್ಯಾಪ್ ಅಂಟಿಸಿದ ಸಿಮೆಂಟನ್ನು. ಕ್ಯಾಪ್ ಒತ್ತುವಾಗ ಹೆಚ್ಚಾದ ಸಿಮೆಂಟ್ ವಸಡಿನ ಒಳಗೆ ಇಳಿದು ಉಳಿದುಬಿಟ್ಟರೆ ಅದರ ಸುತ್ತ ಸೋಂಕು ಗೂಡು ಕಟ್ಟುತ್ತದೆ. ಆಮೇಲೆ ಕಚ್ಚುವ ಭಾರ. ಕ್ಯಾಪ್ ಕೂದಲೆಳೆಯಷ್ಟು ಎತ್ತರ ಇದ್ದರೂ, ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದರೂ ತೊಂದರೆ. ಇದನ್ನು ಮನೆಯವರನ್ನೇ ಕೇಳಿ. ಪಕ್ಕದಲ್ಲಿ ಮಲಗಿದವರಿಗೆ ಕಟಕಟ ಸದ್ದು ಗೊತ್ತಾಗುತ್ತದೆ.

ಎಲೆಅಡಿಕೆ ವಿಷಯವನ್ನೂ ಹೇಳಿಬಿಡುತ್ತೇನೆ. ಅಡಿಕೆ ನಾರು ಕ್ಯಾಪಿನ ಬುಡದಲ್ಲಿ ಸಿಕ್ಕಿಕೊಳ್ಳುತ್ತದೆ, ಸುಣ್ಣ ವಸಡನ್ನು ಸುಡುತ್ತದೆ. ವರ್ಷಗಟ್ಟಲೆ ಅಗಿದರೆ ಕೆನ್ನೆ ಬಿಗಿದು ಬಾಯಿ ತೆರೆಯುವುದೇ ಕಮ್ಮಿಯಾಗಬಹುದು. ಆಗ ಹಿಂದಿನ ದವಡೆಗೆ ಕೈಯೂ ಹೋಗುವುದಿಲ್ಲ, ಡ್ರಿಲ್ಲೂ ಹೋಗುವುದಿಲ್ಲ. ಹೊಗೆಸೊಪ್ಪು ಇರಲಿ ಬಿಡಲಿ, ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ಹೇಳಿದೆ. ಅಡಿಕೆ ಬೆಳೆಯುವ ಸೀಮೆಯಲ್ಲಿ ಕೂತು ಇದನ್ನು ಬರೆಯುವುದು ನನಗೂ ಸುಲಭವಲ್ಲ. ಆದರೂ ಎರಡನೇ ಇಂಪ್ಲಾಂಟ್ ಬೇಕು ಅಂದರೆ ಅದನ್ನು ಬಿಡಬೇಕು.

ಶುಗರ್ ಇದ್ದರೆ ಇಂಪ್ಲಾಂಟ್ ಆಗುವುದೇ ಇಲ್ಲ ಅನ್ನುವುದು ಸರಿಯಲ್ಲ. ಹಿಡಿತದಲ್ಲಿದೆಯಾ ಇಲ್ಲವಾ ಅನ್ನುವುದು ಮುಖ್ಯ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದ ಒಂದು ಸಂಖ್ಯೆ ಸಾಲದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾಡಿಸಿ. 7ರ ಆಸುಪಾಸು ಇದ್ದರೆ ನಾನು ಧೈರ್ಯವಾಗಿ ಕೈ ಹಾಕುತ್ತೇನೆ. 8 ದಾಟಿದ್ದರೆ ಶುಗರ್ ಡಾಕ್ಟ್ರ ಹತ್ತಿರ ಕಳಿಸಿ, ಇಳಿದ ಮೇಲೆ ಬನ್ನಿ ಅನ್ನುತ್ತೇನೆ. ಇದು ಹೊಸ ಇಂಪ್ಲಾಂಟ್ ಮಾತು. ಕೆಟ್ಟ ಇಂಪ್ಲಾಂಟ್ ತೆಗೆಯುವುದನ್ನು ಮಾತ್ರ ಅದಕ್ಕಾಗಿ ತಿಂಗಳುಗಟ್ಟಲೆ ಮುಂದೂಡಬಾರದು. ಬಾಯಲ್ಲಿ ಕೀವು ಇದ್ದರೆ ಶುಗರ್ ಇಳಿಯುವುದೂ ಕಷ್ಟ.

‘ತೆಗೆದು ಅವತ್ತೇ ಇನ್ನೊಂದು’ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಸೋಂಕಿಲ್ಲದೆ, ಸುತ್ತ ಮೂಳೆಯ ಗೋಡೆಗಳು ಗಟ್ಟಿಯಾಗಿ ಉಳಿದಿದ್ದಾಗ ಸ್ವಲ್ಪ ದಪ್ಪದ ಇಂಪ್ಲಾಂಟನ್ನು ಅದೇ ದಿನ ಕೂರಿಸುವುದುಂಟು. ನಿಮ್ಮಲ್ಲಿ ಕೀವು ಇದೆ. ಬೇಲಿಯ ಗೂಟ ಅಲ್ಲಾಡಿ ಅಲ್ಲಾಡಿ ಗುಂಡಿ ಅಗಲವಾಗಿದ್ದರೆ, ಮಣ್ಣು ತುಂಬಿ ದಮ್ಮಸು ಮಾಡದೆ ಅದೇ ಗುಂಡಿಗೆ ಇನ್ನೊಂದು ಗೂಟ ಇಳಿಸುತ್ತೀರಾ? ಇಲ್ಲಿ ಆಗಬೇಕಾದ್ದೂ ಅದೇ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸಡಿಲವಾದ ತಿರುಪನ್ನು ಹಿಂದಕ್ಕೆ ತಿರುಗಿಸಿ ತೆಗೆಯುತ್ತಾರೆ. ಹಲ್ಲು ಕೀಳಿಸಿದ್ದಕ್ಕಿಂತ ಇದು ಹಗುರ. ಗುಂಡಿಯಲ್ಲಿರುವ ಕೆಟ್ಟ ಮಾಂಸವನ್ನೆಲ್ಲ ಕೆರೆದು ತೊಳೆಯುತ್ತಾರೆ. ಮೂಳೆ ಜಾಸ್ತಿ ಕರಗಿದ್ದರೆ ಅವತ್ತೇ, ಅಥವಾ ಸೋಂಕು ಜೋರಾಗಿದ್ದರೆ ಕೆಲವು ವಾರ ಬಿಟ್ಟು, ಮೂಳೆ ಬೆಳೆಯಲು ಆಸರೆಯಾಗುವ ಬೋನ್ ಗ್ರಾಫ್ಟ್ ಪುಡಿ ತುಂಬಿ ಮೇಲೆ ಒಂದು ತೆಳು ಪೊರೆ ಮುಚ್ಚುತ್ತಾರೆ.

ಈ ಪುಡಿಯ ಬಗ್ಗೆ ಎಲ್ಲರೂ ತಾವಾಗಿಯೇ ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೆಲವು ಪುಡಿ ಹಸುವಿನ ಮೂಳೆಯಿಂದ ಮಾಡಿದ್ದು. ಕೆಲವು ದಾನಿಗಳ ಮೂಳೆಯದು. ಕೆಲವು ಪ್ರಾಣಿ ಮೂಲವೇ ಇಲ್ಲದ, ಕ್ಯಾಲ್ಸಿಯಂ ಫಾಸ್ಫೇಟ್ ರೀತಿಯ ತಯಾರಿ. ಮೇಲೆ ಮುಚ್ಚುವ ಪೊರೆಯೂ ಬಹಳ ಸಲ ಹಸು ಅಥವಾ ಹಂದಿಯಿಂದ ತೆಗೆದ ಕೊಲಾಜನ್ ಅನ್ನುವ ಪ್ರೋಟೀನ್‌ನದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದು ದೊಡ್ಡ ವಿಷಯ. ಬಾಯೊಳಗೆ ಹಾಕಿದ ಮೇಲೆ ಗೊತ್ತಾಗಿ ಕೊರಗುವವರನ್ನು ನೋಡಿದ್ದೇನೆ. ನಿಮಗೆ ಬೇಡ ಅನಿಸಿದರೆ ಮೊದಲೇ ಹೇಳಿ. ಪ್ರಾಣಿ ಮೂಲ ಇಲ್ಲದ್ದೂ ಸಿಗುತ್ತದೆ, ನಿಮ್ಮದೇ ದವಡೆಯ ಬೇರೆ ಕಡೆಯಿಂದ ಸ್ವಲ್ಪ ಮೂಳೆ ತೆಗೆದೂ ಹಾಕಬಹುದು.

ಆಮೇಲೆ ಕಾಯುವ ಕೆಲಸ. ಗ್ರಾಫ್ಟ್ ಮಾಗಿ ಮೂಳೆಯಾಗಲು ಸುಮಾರು ನಾಲ್ಕರಿಂದ ಆರು ತಿಂಗಳು ಬೇಕು. ನಂತರ ಸಿಬಿಸಿಟಿ ಅನ್ನುವ ಮೂರು ಆಯಾಮದ ಸ್ಕ್ಯಾನ್. ಕೆಳದವಡೆಯಲ್ಲಿ ತುಟಿಗೆ ಸ್ಪರ್ಶ ಕೊಡುವ ನರ ಮೂಳೆಯೊಳಗೇ ಹರಿಯುತ್ತದೆ. ಹೊಸ ತಿರುಪಿನ ತುದಿಗೂ ಆ ನರಕ್ಕೂ ಕನಿಷ್ಠ 2 ಮಿಲಿಮೀಟರ್ ಅಂತರ ಇರಬೇಕು. ಅದನ್ನು ಅಳೆಯುವುದೇ ಈ ಸ್ಕ್ಯಾನ್‌ನಲ್ಲಿ. ಇಂಪ್ಲಾಂಟ್ ಹಾಕಿದ ಮೇಲೆ ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು ಬಿಟ್ಟು ಕ್ಯಾಪ್. ಹಬ್ಬದ ಲೆಕ್ಕದಲ್ಲಿ ಹೇಳುವುದಾದರೆ, ಯುಗಾದಿ ಹೊತ್ತಿಗೆ ತೆಗೆಸಿದರೆ ದೀಪಾವಳಿ ಆಸುಪಾಸಿಗೆ ಹೊಸದು, ಕ್ಯಾಪಿನಲ್ಲಿ ಅಗಿಯುವುದು ಮುಂದಿನ ಶಿವರಾತ್ರಿಗೆ. ಉದ್ದ ಅನಿಸುತ್ತದೆ, ಅಲ್ವಾ? ಆದರೆ ಎರಡನೇ ಸಲ ಅವಸರ ಮಾಡಿದರೆ ಮೂರನೇ ಸಲಕ್ಕೆ ಮೂಳೆಯೇ ಇರುವುದಿಲ್ಲ.

ಎರಡನೇದು ನಿಲ್ಲುತ್ತಾ ಅಂತ ಕೇಳಿದರೆ, ನಿಲ್ಲುವ ಸಾಧ್ಯತೆಯೇ ಜಾಸ್ತಿ. ಮೊದಲ ಸಲ ಹಾಕಿದ ಇಂಪ್ಲಾಂಟ್‌ಗಳಲ್ಲಿ ನೂರಕ್ಕೆ ಸುಮಾರು 95 ಹತ್ತು ವರ್ಷವಾದರೂ ಉಳಿದಿರುತ್ತವೆ. ಅದೇ ಜಾಗದಲ್ಲಿ ಮತ್ತೆ ಹಾಕಿದ್ದು ಉಳಿಯುವ ಸಾಧ್ಯತೆ ಅದಕ್ಕಿಂತ ಸ್ವಲ್ಪ ಕಮ್ಮಿ. 1965ರಲ್ಲಿ ಸ್ವೀಡನ್ನಿನ ವೈದ್ಯ ಬ್ರೊನೆಮಾರ್ಕ್ ಅವರು ಮೊದಲ ರೋಗಿಗೆ ಹಾಕಿದ ಟೈಟಾನಿಯಂ ಇಂಪ್ಲಾಂಟ್‌ಗಳು ಆ ಮನುಷ್ಯ ಬದುಕಿರುವ ತನಕ, ನಲವತ್ತು ವರ್ಷಕ್ಕೂ ಜಾಸ್ತಿ, ಕೆಲಸ ಮಾಡಿದವು. ಈ ಚಿಕಿತ್ಸೆಯ ಮೇಲೆ ನಂಬಿಕೆ ಕಳೆದುಕೊಳ್ಳಬೇಡಿ.

ಬ್ರಿಡ್ಜ್ ಕೆಟ್ಟದ್ದಲ್ಲ. ಅಕ್ಕಪಕ್ಕದ ಹಲ್ಲುಗಳಿಗೆ ಆಗಲೇ ರೂಟ್ ಕೆನಾಲ್ ಆಗಿದ್ದರೆ, ಕ್ಯಾಪ್ ಇದ್ದರೆ ನಾನೂ ಬ್ರಿಡ್ಜ್ ಕಡೆಗೇ ವಾಲುತ್ತೇನೆ. ಮಗ್ಗುಲಲ್ಲಿ ಎರಡು ಗಟ್ಟಿ ಹಲ್ಲು ಇದ್ದರೆ ಅವನ್ನು ತೇಯಿಸಲು ನನಗೆ ಮನಸ್ಸು ಬರುವುದಿಲ್ಲ. ತೇಯ್ದ ಎನಾಮಲ್, ಅಂದರೆ ಹಲ್ಲಿನ ಮೇಲಿನ ಗಟ್ಟಿ ಪದರ, ತಿರುಗಿ ಬರುವುದಿಲ್ಲ. ಯಾವುದೂ ಬೇಡ ಅನಿಸಿದರೆ ತೆಗೆದು ಹಾಕುವ ಒಂದು ಹಲ್ಲಿನ ಸೆಟ್ ಇದೆ. ಖರ್ಚು ಕಮ್ಮಿ.

ದುಡ್ಡಿನ ವಿಷಯದಲ್ಲಿ ಬಾಯಿಮಾತು ಬೇಡ. ‘ಇಂಪ್ಲಾಂಟ್‌ಗೆ ದುಡ್ಡು ಬೇಡ’ ಅಂದರೆ ಟೈಟಾನಿಯಂ ತಿರುಪು ಮಾತ್ರವೇ? ಗ್ರಾಫ್ಟ್, ಪೊರೆ, ಸ್ಕ್ಯಾನ್, ಹೊಸ ಅಬಟ್‌ಮೆಂಟ್, ಹೊಸ ಕ್ಯಾಪ್ ಯಾರ ಲೆಕ್ಕ? ಒಂದೊಂದನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಬಹಳಷ್ಟು ಕಂಪನಿಗಳು ಫೇಲ್ ಆದ ಇಂಪ್ಲಾಂಟ್‌ಗೆ ಬದಲಿ ಕೊಡುತ್ತವೆ. ಆದರೆ ತೆಗೆದ ಇಂಪ್ಲಾಂಟನ್ನು ಡಾಕ್ಟ್ರು ಫಾರ್ಮ್ ತುಂಬಿ ವಾಪಸ್ ಕಳಿಸಬೇಕಾಗುತ್ತದೆ. ಅದನ್ನು ಎಸೆಯದಂತೆ ಮೊದಲೇ ಹೇಳಿ. ನಿಮ್ಮ ಇಂಪ್ಲಾಂಟ್‌ನ ಕಂಪನಿ, ದಪ್ಪ, ಉದ್ದ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಡಬ್ಬಿಯ ಜೊತೆ ಬಂದಿರುತ್ತದೆ. ಅದರ ಪ್ರತಿ ಕೇಳಿ. ಕ್ಯಾಪ್ ಕೂರಿಸಿದ ದಿನದ ಎಕ್ಸ್‌ರೇಯನ್ನೂ ಕೇಳಿ. ಅದನ್ನೂ ಇವತ್ತಿನದನ್ನೂ ಪಕ್ಕಪಕ್ಕ ಇಟ್ಟರೆ ಮೂಳೆ ಎಷ್ಟು ಹೋಗಿದೆ ಅಂತ ನಿಮಗೂ ಕಾಣುತ್ತದೆ. ಹಾಕಿದ ಡಾಕ್ಟ್ರ ಹತ್ತಿರವೇ ಶಾಂತವಾಗಿ ಕೂತು ಮಾತಾಡಿ. ಅವರು ನಿಮ್ಮನ್ನು ಕೈಬಿಟ್ಟಿಲ್ಲ, ಅದು ಒಳ್ಳೆಯ ಗುಣ. ಇನ್ನೊಂದು ಅಭಿಪ್ರಾಯ ಬೇಕಾದರೆ ಹಾಸನದಲ್ಲೇ ಡೆಂಟಲ್ ಕಾಲೇಜಿದೆ, ವಸಡಿನ ತಜ್ಞರು, ದವಡೆ ಶಸ್ತ್ರಚಿಕಿತ್ಸಕರು ಇದ್ದಾರೆ. ಅರಸೀಕೆರೆಯಿಂದ ಬಸ್ಸೂ ಇದೆ, ರೈಲೂ ಇದೆ. ವರ್ಷವಿಡೀ ಹೋಗಿ ಬರಬೇಕಾದ ಚಿಕಿತ್ಸೆಗೆ ಹತ್ತಿರದ ಊರೇ ವಾಸಿ. ಮಗನಿಗೆ ಹಾಗೇ ಹೇಳಿ.

ತೆಗೆಸುವ ದಿನ ತಿಂಡಿ ತಿಂದು, ಶುಗರ್ ಮಾತ್ರೆ ನುಂಗಿಯೇ ಹೋಗಿ. ಅವತ್ತು ಆರಿದ ರಾಗಿ ಗಂಜಿ, ಮೆತ್ತಗಿನ ಮೊಸರನ್ನ. ಬಿಸಿ ಮುದ್ದೆ, ಖಾರದ ಸಾರು ಎರಡು ದಿನ ಬೇಡ. ಆಮೇಲೆ ಉಗುರುಬೆಚ್ಚಗಿನ ಮುದ್ದೆ ಆಗಬಹುದು. ಅದನ್ನು ಅಗಿಯುವ ಕೆಲಸವೂ ಇಲ್ಲ ಬಿಡಿ. ಹೊಸ ಕ್ಯಾಪ್ ಬರುವಾಗ ಸಿಮೆಂಟ್ ಬೇಡ, ಸ್ಕ್ರೂನಿಂದ ಕೂರುವ ಕ್ಯಾಪ್ ಆಗುತ್ತದಾ ಅಂತ ಕೇಳಿ. ಸಂದಿಗೆ ಹೋಗುವ ಪುಟ್ಟ ಬ್ರಷ್ ಹಿಡಿಯುವುದನ್ನು ಅವತ್ತೇ ಕನ್ನಡಿ ಮುಂದೆ ಕಲಿತು ಬನ್ನಿ.

ಪ್ರಶ್ನೆ: ನನಗೆ 29 ವರ್ಷ. ಸ್ಕೂಟಿಯಿಂದ ಬಿದ್ದು ಮೇಲಿನ ಮುಂದಿನ ಹಲ್ಲು ಹೋಯಿತು. ಇಂಪ್ಲಾಂಟ್ ಹಾಕಿದ ಎರಡೇ ತಿಂಗಳಿಗೆ ಸಡಿಲವಾಗಿ ತೆಗೆದರು. ಮುಂದಿನ ತಿಂಗಳು ತಂಗಿ ಮದುವೆ. ಬಾಯಿ ಬಿಟ್ಟು ನಗುವ ಹಾಗಿಲ್ಲ. ಅಷ್ಟರೊಳಗೆ ಹೊಸದು ಹಾಕಿಸಬಹುದೇ?

*ಓದುಗಿ, ಮೂಡಿಗೆರೆ*

ಉತ್ತರ: ಬೇಡಮ್ಮ. ಮದುವೆಗೆ ಹಲ್ಲು ಬೇಕು, ಅದು ಖಂಡಿತ ಸಿಗುತ್ತದೆ. ಇಂಪ್ಲಾಂಟ್ ಅದಕ್ಕೆ ಬೇಕಿಲ್ಲ. ಪಕ್ಕದ ಹಲ್ಲುಗಳ ಹಿಂಭಾಗಕ್ಕೆ ಅಂಟಿಸುವ ರೆಕ್ಕೆಯ ಬ್ರಿಡ್ಜ್ ಮಾಡಿಸಿ. ಅದಕ್ಕೆ ಪಕ್ಕದ ಹಲ್ಲು ತೇಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಆಮೇಲೆ ತೆಗೆಯಲೂ ಬರುತ್ತದೆ. ಇನ್ನೂ ಬೇಗ ಬೇಕಾದರೆ ಒಂದು ಹಲ್ಲು ಕೂರಿಸಿದ ಪಾರದರ್ಶಕ ಟ್ರೇ ಇದೆ. ಊಟಕ್ಕೆ ಕೂತಾಗ ತೆಗೆದಿಡಬೇಕು ಅಷ್ಟೇ. ಯಾವುದನ್ನೇ ಮಾಡಿದರೂ ಅದು ಗಾಯದ ವಸಡನ್ನು ಒತ್ತಬಾರದು.

ಮೇಲಿನ ಮುಂದಿನ ಹಲ್ಲಿನ ಜಾಗದಲ್ಲಿ ತುಟಿ ಕಡೆಯ ಮೂಳೆ ಕಾಗದದಷ್ಟು ತೆಳು. ಒಂದು ಇಂಪ್ಲಾಂಟ್ ಹೋದ ಮೇಲೆ ಅದು ಇನ್ನೂ ಕುಗ್ಗುತ್ತದೆ. ಅಲ್ಲಿ ಮೂಳೆಯ ಗ್ರಾಫ್ಟ್ ಮಾತ್ರವಲ್ಲ, ಅಂಗುಳಿನಿಂದ ಸ್ವಲ್ಪ ಮಾಂಸ ತೆಗೆದು ವಸಡನ್ನೂ ದಪ್ಪ ಮಾಡಬೇಕಾಗಬಹುದು. ಇಲ್ಲದಿದ್ದರೆ ಇಂಪ್ಲಾಂಟ್ ನಿಂತರೂ ಹಲ್ಲು ಉದ್ದ ಕಾಣುತ್ತದೆ, ವಸಡಿನಲ್ಲಿ ಬೂದು ನೆರಳು ಬರುತ್ತದೆ. 29ರ ವಯಸ್ಸಿಗೆ ಅದು ಬೇಸರದ ಮಾತು. ಮದುವೆ ಮುಗಿಸಿ, ನಿಧಾನವಾಗಿ ಒಳ್ಳೆಯ ವಸಡಿನ ತಜ್ಞರನ್ನು ನೋಡಿ.

ಪ್ರಶ್ನೆ: ಅಮ್ಮನಿಗೆ 66. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ನಾಲ್ಕು ವರ್ಷದಿಂದ ತೆಗೆದುಕೊಳ್ಳುತ್ತಿದ್ದಾರೆ. ಒಂದು ಇಂಪ್ಲಾಂಟ್ ಫೇಲ್ ಆಯಿತು. ಮತ್ತೆ ಹಾಕಿಸುವ ಮೊದಲು ಆ ಮಾತ್ರೆ ನಿಲ್ಲಿಸಬೇಕಾ?

*ಓದುಗರು, ಬೇಲೂರು*

ಉತ್ತರ: ನೀವಾಗಿ ನಿಲ್ಲಿಸಬೇಡಿ. ಸೊಂಟದ ಮೂಳೆ ಮುರಿದರೆ ಹಲ್ಲಿನ ಚಿಂತೆ ಎಲ್ಲೋ ಉಳಿಯುತ್ತದೆ. ಅಲೆಂಡ್ರೊನೇಟ್ ಜಾತಿಯ ವಾರದ ಮಾತ್ರೆ, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್, ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಇಂಜೆಕ್ಷನ್, ಈ ಮೂರೂ ಮೂಳೆ ಕರಗುವುದನ್ನು ತಡೆಯುತ್ತವೆ. ಅಪರೂಪಕ್ಕೆ ದವಡೆಯಲ್ಲಿ ಕೊಯ್ದ ಗಾಯ ಮಾಯದೆ ಮೂಳೆ ಬಯಲಾಗಿ ಉಳಿಯುತ್ತದೆ. ಮೂಳೆ ಸವೆತಕ್ಕೆ ಮಾತ್ರೆ ನುಂಗುವವರಲ್ಲಿ ಈ ಅಪಾಯ ಬಹಳ ಕಮ್ಮಿ. ಹಾಗಾಗಿ ಇಂಪ್ಲಾಂಟ್ ಹಾಕಲೇಬಾರದು ಅಂತೇನಿಲ್ಲ. ಕ್ಯಾನ್ಸರ್‌ಗಾಗಿ ಇದೇ ಜಾತಿಯ ಔಷಧಿಗಳನ್ನು ಜಾಸ್ತಿ ಪ್ರಮಾಣದಲ್ಲಿ ಡ್ರಿಪ್ ಅಥವಾ ಇಂಜೆಕ್ಷನ್‌ನಲ್ಲಿ ಕೊಡುತ್ತಿದ್ದರೆ ಮಾತ್ರ ಇಂಪ್ಲಾಂಟ್ ಯೋಚನೆ ಬಿಡಿ.

ಅಮ್ಮನ ಮಾತ್ರೆ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ, ಮೂಳೆ ಡಾಕ್ಟ್ರೂ ಹಲ್ಲಿನ ಡಾಕ್ಟ್ರೂ ಫೋನಿನಲ್ಲಿ ಮಾತಾಡುವ ಹಾಗೆ ಮಾಡಿ. ಮೊದಲ ಇಂಪ್ಲಾಂಟ್ ತೆಗೆದ ಗಾಯ ಪೂರ್ತಿ ಮಾಗಿದೆಯಾ ಅನ್ನುವುದೇ ನಿಮಗೆ ಒಳ್ಳೆಯ ಸೂಚನೆ. ಎಂಟು ವಾರವಾದರೂ ಮಾಗದೆ ಮೂಳೆ ಕಾಣುತ್ತಿದ್ದರೆ ತಡಮಾಡದೆ ದವಡೆ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ರಕ್ತ ತೆಳುವಾಗುವ ಮಾತ್ರೆ ಇದ್ದರೂ ಇದೇ ಮಾತು. ಹೇಳದೆ ನಿಲ್ಲಿಸಬಾರದು, ಹೇಳದೆ ಹೋಗಿ ಕೂರಲೂಬಾರದು.

ಪ್ರಶ್ನೆ: ಇಂಪ್ಲಾಂಟ್ ಕ್ಯಾಪ್ ಚಕ್ಕುಲಿ ತಿನ್ನುವಾಗ ಕೈಗೆ ಬಂತು. ನೋವಿಲ್ಲ, ಊತ ಇಲ್ಲ. ಹಾಕಿದ ಡಾಕ್ಟ್ರು ಊರು ಬಿಟ್ಟು ಹೋಗಿದ್ದಾರೆ. ಫೆವಿಕ್ವಿಕ್ ಹಾಕಿ ಕೂರಿಸಿಕೊಳ್ಳಲೇ?

*ಓದುಗರು, ಚನ್ನರಾಯಪಟ್ಟಣ*

ಉತ್ತರ: ದಯವಿಟ್ಟು ಬೇಡ. ಆ ಅಂಟು ವಸಡನ್ನು ಸುಡುತ್ತದೆ. ಓರೆಯಾಗಿ ಅಂಟಿಕೊಂಡರೆ ಕ್ಯಾಪ್ ಒಡೆದೇ ತೆಗೆಯಬೇಕು. ನಿಮ್ಮ ಇಂಪ್ಲಾಂಟ್ ಫೇಲ್ ಆದ ಹಾಗೆ ಕಾಣುವುದಿಲ್ಲ. ಬರೀ ಸಿಮೆಂಟ್ ಬಿಟ್ಟಿರಬಹುದು, ಅಥವಾ ಸ್ಕ್ರೂ ಸಡಿಲವಾಗಿ ಅಬಟ್‌ಮೆಂಟ್ ಸಮೇತ ಬಂದಿರಬಹುದು. ಕ್ಯಾಪಿನ ಒಳಗೆ ಲೋಹದ ಕಂಬ ಇದ್ದರೆ ಎರಡನೆಯದು. ಅದನ್ನು ತೊಳೆದು ಪುಟ್ಟ ಡಬ್ಬಿಯಲ್ಲಿಡಿ, ಕಾಗದದಲ್ಲಿ ಸುತ್ತಿಟ್ಟರೆ ಕಸದ ಜೊತೆ ಹೋಗುತ್ತದೆ.

ಎರಡು ಮೂರು ದಿನದೊಳಗೆ ಯಾರಿಗಾದರೂ ತೋರಿಸಿ. ತಡವಾದರೆ ವಸಡು ತಿರುಪಿನ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಒಂದೊಂದು ಕಂಪನಿಯ ಸ್ಕ್ರೂಗೆ ಬೇರೆ ಬೇರೆ ಕೀಲಿ ಬೇಕು. ಹಾಗಾಗಿ ಸ್ಟಿಕ್ಕರ್ ಇರುವ ಕಾರ್ಡ್ ಹುಡುಕಿ ಜೊತೆಗೆ ಒಯ್ಯಿರಿ. ಕಾರ್ಡ್ ಸಿಗದಿದ್ದರೆ ಹಳೆಯ ಬಿಲ್, ಹಳೆಯ ಎಕ್ಸ್‌ರೇ ಏನಿದ್ದರೂ ಸರಿ. ಎಕ್ಸ್‌ರೇಯಲ್ಲಿ ತಿರುಪಿನ ಆಕಾರ ನೋಡಿ ಕಂಪನಿಯನ್ನು ಗುರುತಿಸುವುದೂ ಬಹಳ ಸಲ ಆಗುತ್ತದೆ. ಅಲ್ಲಿಯವರೆಗೆ ಆ ಕಡೆಯಲ್ಲಿ ಅಗಿಯಬೇಡಿ, ಆದರೆ ಮೆತ್ತಗಿನ ಬ್ರಷ್‌ನಲ್ಲಿ ದಿನಕ್ಕೆರಡು ಸಲ ಆ ಜಾಗವನ್ನೂ ಉಜ್ಜಿ.